ಎರಡನೇ ಸಲ ಕೇಳದ ಊರು

ಸೈಮಾ ಕಿನ್ನುನೆನ್ ಸುಳ್ಳು ಹೇಳುವವಳಲ್ಲ ಎಂದು ಊರಿಗೆ ಊರೇ ನಂಬಿತ್ತು. ಹಾಗೆ ನಂಬಿದ್ದೇ ಎಡವಟ್ಟಾಯಿತು ನೋಡಿ. ಒಂದೇ ಒಂದು ಸುಳ್ಳನ್ನು ಆಕೆ ಮಾತು ಕಲಿತಾಗಿನಿಂದ ಹೇಳುತ್ತಲೇ ಬಂದಿದ್ದಳು. ನಮ್ಮ ಕಡೆಯವರೆಲ್ಲ ಹೇಳುವ ಸುಳ್ಳೇ ಅದು, ಹಾಗಾಗಿ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. "ಹೇಗಿದೀಯ?" ಎಂದರೆ "ಆರಾಮ್." ಕಾಲು ಮುರಿದಿದ್ದರೂ ಆರಾಮ್, ಹಿಮದ ಭಾರಕ್ಕೆ ಮನೆಯ ಮಾಡು ಕುಸಿದಿದ್ದರೂ ಆರಾಮ್. ಕೇಳಿದವರು ತಲೆಯಾಡಿಸಿ ಹವಾಮಾನದ ಮಾತಿಗೆ ಹೋಗಬೇಕು. ಎರಡನೇ ಸಲ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕೇಳಿದರೆ, ನೀನು ಮೊದಲು ಹೇಳಿದ್ದು ಸುಳ್ಳು ಎಂದು ಮುಖಕ್ಕೆ ಹೊಡೆದಂತೆ ಹೇಳಿದ ಹಾಗಾಯಿತು.

ಅವಳು ಹುಟ್ಟಿದ್ದು, ಬೆಳೆದದ್ದು, ಮದುವೆಯಾಗಿ ಹೋದದ್ದು ಎಲ್ಲ ಅಮೆರಿಕದ ಮಿಶಿಗನ್ನಿನ ತುತ್ತತುದಿಯಲ್ಲಿ, ಸುಪೀರಿಯರ್ ಸರೋವರದ ದಂಡೆಯ ಏಳನೇ ಗಣಿ ಓಣಿಯಲ್ಲೇ. ಮದುವೆಯಾಗಿ ಹೋದದ್ದು ಎಂದರೆ ರಸ್ತೆಯ ಆ ಬದಿಯಿಂದ ಈ ಬದಿಗೆ, ಅಷ್ಟೆ. ಗಣಿ ಮುಚ್ಚಿ ಕಾಲವಾಯಿತು, ಓಣಿಗೆ ಹೆಸರು ಮಾತ್ರ ಉಳಿದಿದೆ. ತಾಮ್ರ ಅಗೆಯುವುದಕ್ಕೆ ಅವಳ ಅಜ್ಜ ಫಿನ್‌ಲೆಂಡಿನಿಂದ ಬಂದ. ಪಕ್ಕದ ಮನೆಯ ಟ್ರೆವಾರೊಗಳು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದರು. ಇವರು ಸೌನಾ ತಂದರು, ಅವರು ಪ್ಯಾಸ್ಟಿ ತಂದರು. ಈಗ ಎಲ್ಲರ ಹಿತ್ತಲಲ್ಲೂ ಕಲ್ಲು ಕಾಯಿಸಿ, ನೀರು ಚಿಮುಕಿಸಿ, ಹಬೆಯಲ್ಲಿ ಕೂತು ಬೆವರುವ ಸೌನಾ ಗುಡಿಸಲಿದೆ. ಎಲ್ಲರ ಒಲೆಯಲ್ಲೂ ಮಾಂಸ, ಆಲೂಗಡ್ಡೆ, ರುಟಬಾಗ ಗಡ್ಡೆ ತುಂಬಿ ಕರ್ಜಿಕಾಯಿಯ ಹಾಗೆ ಅಂಚು ಮಡಚಿದ ಪ್ಯಾಸ್ಟಿ ಬೇಯುತ್ತದೆ. ಯಾವುದು ಯಾರದೆಂದು ಕೇಳಿದರೆ ಜಗಳವೇ ಆದೀತು.

ಮೊದಲು ಸೈಮಾ ಶಾಲೆಯ ಅಡುಗೆಮನೆಯಲ್ಲಿದ್ದಳು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಗಂಡ ಆರ್ವಿಡ್ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ, ಒಂದು ದಿನ ಸ್ಟೀರಿಂಗ್ ಹಿಡಿದಲ್ಲೇ ಅವನ ಎದೆ ಕೈಕೊಟ್ಟಿತು. ಬದುಕಿದ, ಆದರೆ ಲಾರಿ ಹತ್ತುವ ಹಾಗಿಲ್ಲ. ಆಗ ಸೈಮಾ, ಅರ್ಧ ತಲೆ ಬೆಳ್ಳಗಾದವಳು, ಕನ್ನಡಕ ಹಾಕಿಕೊಂಡು ಪರೀಕ್ಷೆ ಬರೆದು ವಿಮಾನ ನಿಲ್ದಾಣದ ತಪಾಸಣೆಯ ಕೆಲಸ ಹಿಡಿದಳು. ಸರ್ಕಾರಿ ಕೆಲಸ. ಅದರ ಜೊತೆ ಬಂದ ಆರೋಗ್ಯ ವಿಮೆಯಿಂದಲೇ ಆರ್ವಿಡ್‌ನ ಎದೆಯ ಔಷಧಿ ನಡೆಯುತ್ತಿತ್ತು. ಕೆಲಸ ಬಿಟ್ಟರೆ ಔಷಧಿಯೂ ಬಿಟ್ಟಂತೆ. ಇದು ಅವರಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ.

ನಮ್ಮ ನಿಲ್ದಾಣ ದೊಡ್ಡದೇನಲ್ಲ. ಬೆಳಗ್ಗೆ ಒಂದು ವಿಮಾನ, ಸಂಜೆ ಒಂದು. ಸೈಮಾಳ ಕೆಲಸದ ಅರ್ಧ ಆಯುಸ್ಸು ಜಾಮ್ ಬಾಟಲಿಗಳ ಜೊತೆ ಕಳೆಯಿತು. ಇಲ್ಲಿನ ಕಾಡಿನ ಹಣ್ಣಿನ ಜಾಮನ್ನು ಮೊಮ್ಮಕ್ಕಳಿಗೆಂದು ಒಯ್ಯುವ ಅಜ್ಜಿಯರು, ಜಾಮ್ ನೀರಿನ ಲೆಕ್ಕಕ್ಕೆ ಬರುತ್ತದೆ, ಕೈಚೀಲದಲ್ಲಿ ಬಿಡುವ ಹಾಗಿಲ್ಲ ಎಂದರೆ, "ನೋಡೇ, ತಲೆಕೆಳಗೆ ಹಿಡ್ದೆ, ಬೀಳ್ತಾ?" ಎಂದು ವಾದಕ್ಕೆ ನಿಲ್ಲುತ್ತಿದ್ದರು. ಸೈಮಾ ಬಾಟಲಿಯನ್ನು ಕಸಕ್ಕೆ ಹಾಕುತ್ತಿರಲಿಲ್ಲ. ಬಿಡಲು ಬಂದ ಮಗನನ್ನೋ ಅಳಿಯನನ್ನೋ ಹೊರಗಿನಿಂದ ಕೂಗಿ ಕರೆದು ಅವನ ಕೈಗೆ ಕೊಟ್ಟು ಬರುತ್ತಿದ್ದಳು. ಬೆಳಗಿನ ಪಾಳಿಯಲ್ಲಿ ಹೆಂಗಸರನ್ನು ತಡವಿ ನೋಡುವುದಕ್ಕೆ ಇದ್ದ ಹೆಂಗಸು ಅವಳೊಬ್ಬಳೇ.

ಆ ಚಳಿಗಾಲ ವಾಷಿಂಗ್ಟನ್ನಿನ ದೊಡ್ಡವರು ಖರ್ಚಿನ ಹಣ ಮಂಜೂರು ಮಾಡುವ ವಿಷಯದಲ್ಲಿ ಹಟಕ್ಕೆ ಬಿದ್ದರು. ಒಂದು ಪಕ್ಷ ನಾವು ಬಗ್ಗೋದಿಲ್ಲ ಎಂದಿತು, ಇನ್ನೊಂದು ನಾವು ಬಗ್ಗಿದ್ದೇ ಇಲ್ಲ ಎಂದಿತು. ಸರ್ಕಾರ ಬಂದ್ ಆಯಿತು. ಬಂದ್ ಎಂದರೆ ಉದ್ಯಾನಗಳಿಗೆ, ಕಚೇರಿಗಳಿಗೆ ಬೀಗ. ಸೈಮಾಳಂಥವರಿಗೆ ಮಾತ್ರ ಬೀಗವಿಲ್ಲ, ಸಂಬಳವೂ ಇಲ್ಲ. ಕೆಲಸಕ್ಕೆ ಬರಲೇಬೇಕು, ದುಡ್ಡು ಜಗಳ ಮುಗಿದ ಮೇಲೆ. ಜಗಳ ಯಾವಾಗ ಮುಗಿಯುತ್ತದೆಂದು ಕೇಳಿದರೆ ಹೇಳುವವರಿಲ್ಲ.

ಆಗ ಮೊದಲ ಫೋನ್ ಬಂತು.

ಬಂದದ್ದು ವರ್ನಾ ಟ್ರೆವಾರೊ ಮನೆಗೆ. ವರ್ನಾ ಸೈಮಾಳ ಪಕ್ಕದ ಮನೆಯವಳು, ಒಂದೇ ತೊಟ್ಟಿಲಲ್ಲಿ ಮಲಗಿ ಬೆಳೆದವಳೆಂದರೂ ತಪ್ಪಿಲ್ಲ. ಚರ್ಚಿನ ಪ್ಯಾಸ್ಟಿ ಮಾರಾಟದ ಯಜಮಾನಿ. ಶುಕ್ರವಾರ ಮಾರುವುದಕ್ಕೆ ಗುರುವಾರ ಮಧ್ಯಾಹ್ನವೇ ಅವಳ ಅಡುಗೆಮನೆಯಲ್ಲಿ ಹಿಟ್ಟು ನಾದಬೇಕು, ಸೈಮಾ ಪಾಳಿ ಮುಗಿಸಿ ಬಂದು ಗಡ್ಡೆ ಹೆಚ್ಚಬೇಕು. ಗೋಡೆಯ ಹಳದಿ ಫೋನು ಹೊಡೆದುಕೊಂಡಾಗ ವರ್ನಾಳ ಕೈ ಮೊಣಕೈವರೆಗೆ ಹಿಟ್ಟಿನಲ್ಲಿತ್ತು.

"ತಗೊಂಡು ಕಿವಿಗಿಡೇ," ಎಂದಳು. ಸೈಮಾ ರಿಸೀವರನ್ನು ಅವಳ ಕಿವಿಗೆ ಹಿಡಿದು ನಿಂತಳು. ಎಷ್ಟೋ ವರ್ಷದ ರೂಢಿ ಅದು.

ಜನರ ಅಭಿಪ್ರಾಯ ಕೇಳುವ ಕಂಪನಿಯವನು. ನೆಗಡಿ ಕಟ್ಟಿದ ಗಂಡಸಿನ ದನಿ, ಆಚೆ ನಿಂತವರಿಗೂ ಕೇಳುವಷ್ಟು ಗಟ್ಟಿ. ಇಂಥ ಫೋನ್ ಬಂದರೆ ಬೇರೆಯವರು ಇಟ್ಟುಬಿಡುತ್ತಾರೆ. ವರ್ನಾಗೆ ಹಬ್ಬ. ತನ್ನ ಅಭಿಪ್ರಾಯ ಕೇಳುವವರು ಭೂಮಿಯ ಮೇಲೆ ಒಬ್ಬರಾದರೂ ಇದ್ದಾರಲ್ಲ!

"ಸರ್ಕಾರ ಬಂದ್ ಆಗಿರೋದಕ್ಕೆ ಯಾರನ್ನ ಹೆಚ್ಚು ದೂರ್ತೀರಿ ಮೇಡಂ?"

"ಆ ಕಡೆಯವ್ರನ್ನ. ಬೇರೆ ಯಾರನ್ನ? ಇನ್ನೂ ಒಂದು ತಿಂಗ್ಳು ಮುಚ್ಚಿರ್ಲಿ, ಬುದ್ಧಿ ಬರ್ಲಿ ಅವ್ರಿಗೆ."

"ನಿಮ್ಮ ಮನೆಯಲ್ಲಾಗ್ಲಿ, ನಿಮಗೆ ಗೊತ್ತಿರೋರಲ್ಲಾಗ್ಲಿ, ಇದರಿಂದ ಯಾರಿಗಾದ್ರೂ ತೊಂದರೆ ಆಗಿದ್ಯಾ? ತುಂಬಾ, ಸ್ವಲ್ಪ, ಇಲ್ಲವೇ ಇಲ್ಲ?"

"ಅಯ್ಯೋ, ನನ್ನ ಗೆಳತೀನೇ ಸರ್ಕಾರಿ ಕೆಲ್ಸದಲ್ಲಿದಾಳೆ ಮಾರಾಯ. ಇಗೋ, ಈ ಫೋನ್ ಹಿಡ್ಕೊಂಡಿರೋಳೇ ಅವ್ಳು! ಏನೇ ಸೈಮಾ, ಹೇಗಿದೀಯ?"

ಸೈಮಾ ಹಿಂದಿನ ದಿನವಷ್ಟೇ ಕಾರಿನ ವಿಮೆಯ ಕಂತು ಮುಂದೂಡಿ ಎಂದು ಯಾರಿಗೋ ಗೋಗರೆದು ಬಂದಿದ್ದಳು.

"ಆರಾಮ್," ಎಂದಳು.

"ಕೇಳಿಸ್ತಾ? ಇಲ್ಲವೇ ಇಲ್ಲ ಅಂತ ಬರ್ಕೊಳ್ಳಿ," ಎಂದಳು ವರ್ನಾ. ಹಿಟ್ಟಿಗೆ ಇನ್ನೆರಡು ಗುದ್ದು ಹಾಕಿದಳು.

ಆ ಆರಾಮ್‌ಗೆ ಅಲ್ಲಿಂದ ಕಾಲು ಬಂತು. ವರ್ನಾ ಊರಿನ ರೇಡಿಯೊಗೆ ಫೋನ್ ಮಾಡಿ ಅದನ್ನೇ ಹೇಳಿದಳು: ನನ್ನ ಪ್ರಾಣಸ್ನೇಹಿತೆ ಸರ್ಕಾರಿ ಕೆಲಸದವಳು, ಸಂಬಳ ನಿಂತರೂ ಅವಳಿಗೇನೂ ಆಗಿಲ್ಲ, ಈ ಟಿವಿಯವರದ್ದು ಬರೀ ಬೊಬ್ಬೆ. ಮಾರನೇ ದಿನ ಬೇಕರಿಯ ಕಾಫಿ ಮೇಜಿನಲ್ಲಿ ಅದೇ ಮಾತು. ಸರ್ಕಾರ ಮುಚ್ಚಿದರೂ ಸೈಮಾ ಆರಾಮಾಗಿದ್ದಾಳಂತೆ, ಹಾಗಾದರೆ ಈ ಸರ್ಕಾರ ನಮಗೆ ಬೇಕಾದರೂ ಯಾಕೆ ಎಂದು ಒಬ್ಬ. ಆ ಮೇಜಿನ ಇನ್ನೊಂದು ತುದಿಗೆ ಬೇರೆ ಪಕ್ಷದವರು ಕೂರುತ್ತಾರೆ. ಹಾರ್ಡ್‌ವೇರ್ ಅಂಗಡಿಯ ಲಾಯ್ಡ್ ಅವರ ಮುಖಂಡ. ಅವನೂ ಬಿಡಲಿಲ್ಲ. "ನೋಡಿ, ನೌಕರರು ಹಲ್ಲು ಕಚ್ಕೊಂಡು ನಮ್ಮ ಜೊತೆ ನಿಂತಿದಾರೆ. ಸೈಮಾನ್ನ ಕೇಳಿ ಬೇಕಾದ್ರೆ. ನಮ್ಮೋರು ಒಂದಿಂಚೂ ಬಗ್ಬಾರ್ದು," ಎಂದ.

ಎಂಥ ಚೋದ್ಯ ನೋಡಿ! ಪಾಪ, ಹೆಂಗಸು ಹೇಳಿದ್ದು ಒಂದೇ ಮಾತು. ಅದು ಮುಚ್ಚಿ ಎನ್ನುವವರಿಗೂ ಸಾಕ್ಷಿಯಾಯಿತು, ಬಗ್ಗಬೇಡಿ ಎನ್ನುವವರಿಗೂ ಸಾಕ್ಷಿಯಾಯಿತು. ಬಂದ್ ಮುಗಿಯುವುದು ಎರಡು ಕಡೆಯವರಿಗೂ ಬೇಡವಾಗಿತ್ತು, ಎರಡು ಕಡೆಯವರಿಗೂ ಸೈಮಾ ಆರಾಮಾಗಿರಬೇಕಿತ್ತು. ಬೇಕರಿಯಲ್ಲಿ ಬ್ರೆಡ್ ಕೊಳ್ಳಲು ಹೋದವಳಿಗೆ ತನ್ನ ಮಾತೇ ತನ್ನ ಮುಂದೆ ಕುರ್ಚಿ ಹಾಕಿಕೊಂಡು ಕೂತಂತೆ ಕಂಡಿತು. ಒಳಗೊಳಗೇ ಕುದಿದಳು. ಆದರೂ ಲಾಯ್ಡ್ "ಹೇಗಿದೀರಿ ಸೈಮಾ?" ಎಂದಾಗ ಬಾಯಿಂದ ಬಂದದ್ದು ಅದೇ.

ಮನೆಯ ಕಥೆ ಬೇರೆಯೇ ಇತ್ತು. ನಿಲ್ದಾಣ ನಲವತ್ತು ಮೈಲಿ ದೂರ. ಸಂಬಳ ಕೊಡದ ಕೆಲಸಕ್ಕೆ ಹೋಗುವುದಕ್ಕೂ ಪೆಟ್ರೋಲ್ ಬೇಕು. ಮಾಂಸ ವಾರಕ್ಕೊಮ್ಮೆಯಾಯಿತು, ಮನೆಯ ಹೀಟರ್ ತಗ್ಗಿತು, ಆರ್ವಿಡ್ ಒಳಗೂ ಉಣ್ಣೆ ಟೋಪಿ ಹಾಕಿಕೊಂಡು ಕೂರತೊಡಗಿದ. ಒಂದು ದಿನ ಸೈಮಾ ಪಾಳಿ ಮುಗಿಸಿ ಬರುವಷ್ಟರಲ್ಲಿ ಹಿತ್ತಲ ಕೊಟ್ಟಿಗೆಯ ಕಟ್ಟಿಗೆ ಅಷ್ಟೂ ಖಾಲಿ. ಎರಡು ಬೇಸಿಗೆ ಒಣಗಿಸಿ, ಸೀಳಿ, ಆರ್ವಿಡ್ ಗೋಡೆ ಕಟ್ಟಿದ ಹಾಗೆ ಒಪ್ಪವಾಗಿ ಜೋಡಿಸಿದ್ದ ಬರ್ಚ್ ಮರದ ಕಟ್ಟಿಗೆ. ಸೌನಾಕ್ಕೆಂದೇ ಇಟ್ಟದ್ದು.

"ಕಟ್ಟಿಗೆ ಎಲ್ಲಿ?"

"ಮಾರ್ದೆ. ದೂರದೂರಿನೋನು ಯಾವನೋ ಬಂದಿದ್ದ."

"ಸೌನಾ?"

"ಸೌನಾ ಇಲ್ದೆ ಯಾರೂ ಸತ್ತಿಲ್ಲ."

ನಮ್ಮ ಓಣಿಯಲ್ಲಿ ಆರ್ವಿಡ್‌ನ ಬಾಯಿಂದ ಈ ಮಾತು ಕೇಳಿದ್ದರೆ ಜನ ಡಾಕ್ಟರನ್ನು ಕರೆಯುತ್ತಿದ್ದರು. ಅಪ್ಪ ಸತ್ತ ಶನಿವಾರವೂ ಸೌನಾ ಒಲೆ ಹಚ್ಚಿದ ಮನುಷ್ಯ ಅವನು. ಸೈಮಾ ಬೆನ್ನು ತಿರುಗಿಸಿ ಸಿಂಕಿನಲ್ಲಿದ್ದ ಎರಡೇ ಎರಡು ತಟ್ಟೆಯನ್ನು ಬಹಳ ಹೊತ್ತು ತೊಳೆದಳು. ಅವಳಿಗೆ ಅಳು ಬಂದಿತ್ತು, ಅವನಿಗೆ ಅದು ಗೊತ್ತಾಗಿತ್ತು, ಇಬ್ಬರೂ ಹಿಮದ ಮಾತಾಡಿದರು.

ಅದೇ ವಾರ ಲಾಯ್ಡ್ ಅವಳನ್ನು ಅಂಗಡಿಯ ಹಿಂದಕ್ಕೆ ಕರೆದು ಮೆಲ್ಲಗೆ ಹೇಳಿದ. "ಕೌಂಟರಿಗೆ ಜನ ಬೇಕು ಸೈಮಾ. ವಾರ ವಾರ ಕೂಲಿ. ಸೋಮವಾರ ಬೆಳಗ್ಗೆ ಬನ್ನಿ, ಇಲ್ದಿದ್ರೆ ಬೇರೆಯೋರನ್ನ ನೋಡ್ಕೋತೀನಿ." ನಿಲ್ದಾಣದಲ್ಲಿ ಆಗಲೇ ಇಬ್ಬರು ಕೆಲಸ ಬಿಟ್ಟು ಹೋಗಿದ್ದರು. ಲಾಯ್ಡ್‌ನ ಅಂಗಡಿಯಲ್ಲಿ ವಿಮೆ ಇರಲಿಲ್ಲ. ಅಲ್ಲಿಗೆ ಹೋದರೆ ಪೆಟ್ರೋಲ್ ಬಂತು, ಮಾಂಸ ಬಂತು, ಆರ್ವಿಡ್‌ನ ಮಾತ್ರೆ ಹೋಯಿತು. ನಿಲ್ದಾಣದ ಕೆಲಸದಲ್ಲೇ ಇದ್ದರೆ ಮಾತ್ರೆ ಉಳಿಯಿತು, ಅಲ್ಲಿಗೆ ಮುಟ್ಟಲು ಪೆಟ್ರೋಲ್ ಇಲ್ಲ. ಹೋಗದಿದ್ದರೆ ಗೈರುಹಾಜರಿ, ಗೈರಾದರೆ ಕೆಲಸವೇ ಹೋಗುತ್ತದೆ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಅವಳಿಗೆ ದಾರಿ ಕಾಣಲಿಲ್ಲ.

ಶನಿವಾರ ಬಂತು. ನಮ್ಮಲ್ಲಿ ಶನಿವಾರ ಮಧ್ಯಾಹ್ನ ಯಾರ ಹಿತ್ತಲಲ್ಲಿ ಹೊಗೆ ಏಳುತ್ತಿದೆ ಎಂದು ನೋಡುವುದು, ಬೇರೆ ಊರಲ್ಲಿ ಪತ್ರಿಕೆ ಓದುವ ಹಾಗೆ. ಕಿನ್ನುನೆನ್ ಸೌನಾದ ಚಿಮಣಿ ತಣ್ಣಗಿತ್ತು. ವರ್ನಾ ಎಂದಿನಂತೆ ಟವೆಲ್ಲಿನ ಗಂಟು ಕಂಕುಳಲ್ಲಿಟ್ಟುಕೊಂಡು ಹಿಮ ತುಳಿದು ಬಂದಳು. ಅವಳ ಮನೆಯಲ್ಲೂ ಸೌನಾ ಇದೆ, ಆದರೆ ಶನಿವಾರ ಇಲ್ಲೇ. ಬೇಕಾದರೆ ಗಂಡಂದಿರನ್ನಾದರೂ ಬಿಟ್ಟಾರು, ಒಂದೇ ಹಲಗೆಯ ಮೇಲೆ ಕೂತು ಇಬ್ಬರೂ ಬೆವರುವುದನ್ನು ಬಿಡುವವರಲ್ಲ.

"ಒಲೆ ಸೀಳು ಬಿಟ್ಟಿದೆ ಕಣೇ," ಎಂದಳು ಸೈಮಾ ಬಾಗಿಲಲ್ಲೇ ನಿಂತು.

"ಅಯ್ಯೋ, ಯಾವಾಗ?"

"ಮೊನ್ನೆ."

"ಸರಿ ಬಿಡು," ಎಂದು ವರ್ನಾ ಗಂಟು ಹೊತ್ತು ವಾಪಸು ಹೋದಳು. ಎರಡನೇ ಸಲ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಅವಳ ತಲೆಯಲ್ಲಿ ಆಗಲೇ ಉಪಾಯ ಓಡುತ್ತಿತ್ತು. ಭಾನುವಾರ ಚರ್ಚ್ ಮುಗಿದದ್ದೇ ಗಂಡ ಕ್ಲೈಡ್‌ನನ್ನು ಎಬ್ಬಿಸಿಕೊಂಡು, ವೆಲ್ಡಿಂಗ್ ಯಂತ್ರವನ್ನು ಹಿಮಬಂಡಿಯ ಮೇಲೆ ಎಳೆಸಿಕೊಂಡು ನೇರ ಹಿತ್ತಲಿಗೇ ಬಂದಳು. ಬಾಗಿಲು ತಟ್ಟಿದರೆ ಸೈಮಾ ಬೇಡ ಎನ್ನುತ್ತಾಳೆ, ರಿಪೇರಿ ಮಾಡಿಯೇ ಹೇಳೋಣ ಎಂಬ ಲೆಕ್ಕ.

ಕಿಟಕಿಯಿಂದ ಅವರನ್ನು ಕಂಡ ಸೈಮಾ ಕೋಟು ಕೂಡ ಹಾಕಿಕೊಳ್ಳದೆ ಓಡಿದಳು. ತಡವಾಗಿತ್ತು. ಕ್ಲೈಡ್ ಒಲೆಯ ಸುತ್ತ ಟಾರ್ಚ್ ಹಿಡಿದು ಮಂಡಿಯೂರಿದ್ದ.

"ಸೀಳೆಲ್ಲಿದೆ?" ಎಂದ. "ಕಲ್ಲಿದ್ದಂಗಿದೆ ಒಲೆ."

ವರ್ನಾ ಕಟ್ಟಿಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಒಂದು ಸಿಬಿರೂ ಇರಲಿಲ್ಲ. ಆರ್ವಿಡ್ ಗುಡಿಸಿಯೂ ಇಟ್ಟಿದ್ದ.

"ಮಾರಿದ್ರಾ?"

ಸೈಮಾ ಕೈಕಟ್ಟಿ ನಿಂತಳು.

"ಆರಾಮ್ ಅಂದ್ಯಲ್ಲೇ," ಎಂದಳು ವರ್ನಾ. "ಫೋನಲ್ಲಿ, ಆ ಮೂಗು ಕಟ್ಟಿದೋನ ಎದ್ರಿಗೆ! ನಾನು ಊರೆಲ್ಲಾ ಸಾರ್ಕೊಂಡು ಬಂದೆ. ರೇಡಿಯೋದಲ್ಲಿ ಹೇಳ್ದೆ. ನನ್ನ ಬಾಯಿಂದ ಸುಳ್ಳು ಹೇಳ್ಸಿದ್ಯಲ್ಲೇ, ಸುಳ್ಳಿ!"

"ನನ್ನ ಹೆಸ್ರು ಹೇಳ್ಕೊಂಡು ತಿರುಗು ಅಂತ ಯಾರಂದ್ರು ನಿಂಗೆ? ನಾನಂದ್ನಾ?"

"ಮತ್ತೆ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ರೋಗ?"

"ಏನಂತ ಹೇಳ್ಲೇ? ಇನ್ನೂ ಒಂದು ತಿಂಗ್ಳು ಮುಚ್ಚಿರ್ಲಿ ಅಂತ ನೀನು ಕುಣೀತಿದ್ದೆ. ಫೋನ್ ಹಿಡ್ಕೊಂಡು ನಿಂತಿದ್ದೋಳು ನಾನು. ಮುಚ್ಚಿರೋದು ನನ್ನ ಮನೆ ಕಣೇ, ವಾಷಿಂಗ್ಟನ್ ಅಲ್ಲ!"

ಕ್ಲೈಡ್ ಟಾರ್ಚ್ ಆರಿಸಿ, ವೆಲ್ಡಿಂಗ್ ಯಂತ್ರದ ಹಗ್ಗ ಹಿಡಿದು, ಯಾರಿಗೂ ಹೇಳದೆ ಮನೆಯ ಕಡೆ ಎಳೆದುಕೊಂಡು ಹೊರಟುಬಿಟ್ಟ. ಹೆಂಗಸರಿಬ್ಬರೂ ಹಿಮದಲ್ಲಿ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ನಿಂತರು. ಇಷ್ಟು ವರ್ಷದಲ್ಲಿ ಅವರು ಜಗಳವಾಡಿದ್ದು ಪ್ಯಾಸ್ಟಿಗೆ ಕೆಚಪ್ಪೋ ಗ್ರೇವಿಯೋ ಎಂಬ ವಿಷಯಕ್ಕೆ ಮಾತ್ರ. ಕೊನೆಗೆ ವರ್ನಾ ತಿರುಗಿ ನಡೆದಳು.

ಆ ಸಂಜೆ ಸೈಮಾ ಆರ್ವಿಡ್‌ಗೆ ಹೇಳಿದಳು. "ನಾಳೆ ಲಾಯ್ಡ್ ಹತ್ರ ಹೋಗ್ತೀನಿ. ನಿಲ್ದಾಣಕ್ಕೆ ಫೋನ್ ಮಾಡಿ ಬಿಟ್ಟೆ ಅಂತೀನಿ."

"ಹೋಗು," ಎಂದ ಆರ್ವಿಡ್. "ಮಾತ್ರೆ ಅರ್ಧರ್ಧ ಮಾಡಿ ನುಂಗಿದ್ರೆ ಆಯ್ತು."

"ಅರ್ಧ ನುಂಗಿದ್ರೆ ಅರ್ಧ ಆಯುಸ್ಸು."

"ಅಷ್ಟು ಸಾಕು ಬಿಡೆ." ಅವನು ತಮಾಷೆ ಮಾಡಲು ನೋಡಿದ. ಅವಳಿಗೆ ನಗು ಬರಲಿಲ್ಲ.

ಸೋಮವಾರ ಬೆಳಕು ಹರಿಯುವ ಮುಂಚೆ ಅವಳು ಸಮವಸ್ತ್ರವನ್ನು ಗೂಟದಲ್ಲೇ ಬಿಟ್ಟು ಸಾದಾ ಸ್ವೆಟರ್ ಹಾಕಿಕೊಂಡಳು. ಹೊರಗೆ ಹಾರ್ನ್ ಕೇಳಿಸಿತು. ಬಿಡದೆ ಒತ್ತಿ ಹಿಡಿದ ಹಾರ್ನ್. ಓಣಿಯಲ್ಲಿ ಹಾಗೆ ಒತ್ತುವವಳು ಒಬ್ಬಳೇ.

ವರ್ನಾ ಪಿಕಪ್ಪಿನ ಗಾಜು ಇಳಿಸಿದಳು. "ಹತ್ತು."

"ಎಲ್ಲಿಗೆ?"

"ವಿಮಾನ ನಿಲ್ದಾಣಕ್ಕೆ. ನಂಗೆ ಆ ಕಡೆ ಕೆಲ್ಸ ಇದೆ."

"ಏನು ಕೆಲ್ಸ?"

"ಕಾಫಿ ಕುಡಿಯೋದು. ಇಲ್ಲಿ ಬೇಕರಿ ಕಾಫಿ ಸರಿಯಿಲ್ಲ. ಇನ್ಮೇಲೆ ದಿನಾ ಅಲ್ಲೇ ಕುಡಿಯೋದು ಅಂತ ತೀರ್ಮಾನ ಮಾಡಿದೀನಿ."

"ನಾನು ಲಾಯ್ಡ್ ಹತ್ರ—"

"ಲಾಯ್ಡ್ ಅಂಗಡೀಲಿ ನಿನ್ನ ಗಂಡನ ಎದೆಗೆ ಮಾತ್ರೆ ಕೊಡ್ತಾನಾ? ಮೊಳೆ ಕೊಡ್ತಾನೆ. ರಾತ್ರಿ ಆರ್ವಿಡ್ ಎಲ್ಲಾ ಹೇಳ್ದ, ಲಾಯ್ಡ್‌ಗೂ ಫೋನ್ ಮಾಡಿ ಹೇಳಾಯ್ತು, ಬೇರೆಯೋರನ್ನ ನೋಡ್ಕೊ ಅಂತ. ಸಮವಸ್ತ್ರ ಹಾಕ್ಕೊಂಡು ಬಾ, ಗಾಡಿ ತಣ್ಣಗಾಗುತ್ತೆ."

ನನ್ನನ್ನು ಕೇಳದೆ ಹೇಗೆ ಹೇಳಿದೆ ಎಂದು ಸೈಮಾ ಕೂಗಾಡಿದಳು. ವರ್ನಾ ಗಾಜು ಏರಿಸಿಕೊಂಡು ಮತ್ತೆ ಹಾರ್ನ್ ಒತ್ತಿದಳು. ಬಾಗಿಲಲ್ಲಿ ಆರ್ವಿಡ್ ಸಮವಸ್ತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ನಮ್ಮ ಕಡೆ ದುಡ್ಡು ಕೊಟ್ಟರೆ ಯಾರೂ ಮುಟ್ಟುವುದಿಲ್ಲ. ಹೇಗೂ ಆ ಕಡೆ ಹೊರಟ ಗಾಡಿಯಲ್ಲಿ ಹತ್ತುವುದಕ್ಕೆ ಯಾರೂ ನಾಚುವುದೂ ಇಲ್ಲ. ವರ್ನಾಗೆ ಇದು ಚೆನ್ನಾಗಿ ಗೊತ್ತಿತ್ತು. ದಾರಿಯುದ್ದಕ್ಕೂ ಇಬ್ಬರೂ ಮುಖ ಗಂಟು ಹಾಕಿಕೊಂಡೇ ಕೂತಿದ್ದರು.

ಅಲ್ಲಿಂದ ದಿನಾ ಹಾಗೆಯೇ. ವರ್ನಾ ನಿಲ್ದಾಣದ ಬೆಂಚಿನ ಮೇಲೆ ಕಾಫಿ ಇಟ್ಟುಕೊಂಡು ಕಾಲುಚೀಲ ಹೆಣೆಯುತ್ತ ಪಾಳಿ ಮುಗಿಯುವವರೆಗೆ ಕೂತಿರುತ್ತಿದ್ದಳು. ಸಾಲಿನಲ್ಲಿ ನಿಂತವರ ಮಾತೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಒಬ್ಬಳು ಮುದುಕಿ ಸೈಮಾಳ ಕೈ ಹಿಡಿದು ದೇವರು ಒಳ್ಳೇದು ಮಾಡಲಿ ಎಂದಳು. ಒಬ್ಬ ಯುವಕ, ಪುಕ್ಕಟೆ ದುಡಿಯುವವರು ದಡ್ಡರು ಎಂದು ಅವಳಿಗೆ ಕೇಳಿಸುವ ಹಾಗೆಯೇ ಅಂದ. ಸೈಮಾ ಇಬ್ಬರಿಗೂ ಒಂದೇ ದನಿಯಲ್ಲಿ "ಶೂ ತೆಗೆದು ಟ್ರೇಯಲ್ಲಿಡಿ" ಎಂದಳು.

ಆಮೇಲೆ ದಪ್ಪ ಕೋಟಿನ ಗೃಹಸ್ಥನೊಬ್ಬ ಬಂದ. ಒಳ್ಳೆಯವನೇ, ಮುಖದಲ್ಲಿ ನಗು ಇತ್ತು. ಬೆಲ್ಟು ಬಿಚ್ಚುತ್ತ ಸೈಮಾಗೆ ಹೇಳಿದ.

"ಸುಮ್ನೆ ಹೆದರಿದ್ದೆ ನೋಡಿ, ನಿಮ್ಮಂಥೋರಿಗೆಲ್ಲಾ ಭಾಳ ಕಷ್ಟ ಅಂತ. ರೇಡಿಯೋದಲ್ಲಿ ಯಾರೋ ಹೆಂಗ್ಸು ಹೇಳಿದ್ಮೇಲೆ ಸಮಾಧಾನ ಆಯ್ತು. ಅವ್ರ ಗೆಳತಿ ಇಲ್ಲೇ ಕೆಲ್ಸ ಮಾಡೋದಂತೆ, ಏನೂ ತೊಂದ್ರೆ ಇಲ್ವಂತೆ. ನಾನೂ ನಮ್ಮ ಸಂಸದರಿಗೆ ಫೋನ್ ಮಾಡಿ ಹೇಳ್ದೆ, ಎಷ್ಟು ದಿನ ಬೇಕಾದ್ರೂ ಎಳೀರಿ ಅಂತ."

ಬೆಂಚಿನ ಮೇಲೆ ಸೂಜಿ ನಿಂತಿತು. ಸೈಮಾ ಆ ಕಡೆ ನೋಡಲಿಲ್ಲ. "ಕೈ ಮೇಲಕ್ಕೆತ್ತಿ ಸರ್, ಯಂತ್ರದೊಳಗೆ ನಿಲ್ಲಿ," ಎಂದಳು. ಅವನು ಹೋದ ಮೇಲೆ ಹೊರಳಿ ನೋಡಿದರೆ, ವರ್ನಾ ಹೆಣೆದಿದ್ದ ಕಾಲುಚೀಲವನ್ನು ಅರ್ಧಕ್ಕರ್ಧ ಬಿಚ್ಚಿ ತೊಡೆಯ ಮೇಲೆ ನೂಲಿನ ರಾಶಿ ಮಾಡಿಕೊಂಡು ಕೂತಿದ್ದಳು. ಮುಖ ಕೆಂಪಗಾಗಿತ್ತು. ವರ್ನಾ ಟ್ರೆವಾರೊ ನಾಚಿದ್ದನ್ನು ಸೈಮಾ ಅವತ್ತಿನವರೆಗೆ ನೋಡಿರಲಿಲ್ಲ, ನೋಡಿ ಅವಳಿಗೆ ಖುಷಿಯೇನೂ ಆಗಲಿಲ್ಲ.

ಬುಧವಾರ ಮನೆಗೆ ಬಂದರೆ ಹಿತ್ತಲಲ್ಲಿ ಒಂದು ಗಾಡಿ ಬರ್ಚ್ ಕಟ್ಟಿಗೆ ಬಿದ್ದಿತ್ತು. ಕ್ಲೈಡ್ ಇಳಿಸಿ ಕೈ ಕೊಡವಿಕೊಳ್ಳುತ್ತಿದ್ದ.

"ಇದೇನು?" ಎಂದಳು ಸೈಮಾ.

"ಒದ್ದೆ ಕಟ್ಟಿಗೆ. ನಮ್ಮನೇಲಿ ಉರಿಯಲ್ಲ, ಇಡೋಕೂ ಜಾಗ ಇಲ್ಲ. ಬೇಡಾಂದ್ರೆ ರಸ್ತೆಗೆ ಬಿಸಾಕ್ತೀನಿ."

ಕಟ್ಟಿಗೆ ಗರಿಗರಿ ಒಣಗಿತ್ತು. ನಮ್ಮಲ್ಲಿ ಉಪಕಾರ ಮಾಡಬೇಕಾದರೂ ಒಂದು ಸುಳ್ಳು ಹೇಳಲೇಬೇಕು. ಆರ್ವಿಡ್ ಟೋಪಿ ಸರಿಮಾಡಿಕೊಂಡು ಹೊರಗೆ ಬಂದು ಒಂದು ತುಂಡನ್ನು ಮೂಸಿ ನೋಡಿದ. "ಹೌದೌದು, ತುಂಬಾ ಒದ್ದೆ," ಎಂದು ಒಪ್ಪವಾಗಿ ಜೋಡಿಸಲು ಶುರುಮಾಡಿದ.

ಗುರುವಾರ ಮಧ್ಯಾಹ್ನ ಮತ್ತೆ ವರ್ನಾಳ ಅಡುಗೆಮನೆ. ಭಾನುವಾರದ ಜಗಳವನ್ನು ಇಬ್ಬರೂ ಎತ್ತಿರಲಿಲ್ಲ. ದಿನಾ ಒಂದೇ ಗಾಡಿಯಲ್ಲಿ ಹೋಗಿ ಬಂದರೂ ಮಾತು ರಸ್ತೆಯ ಹಿಮವನ್ನು ದಾಟಿರಲಿಲ್ಲ. ವರ್ನಾ ಹಿಟ್ಟು ನಾದುತ್ತಿದ್ದಳು, ಸೈಮಾ ರುಟಬಾಗ ಹೆಚ್ಚುತ್ತಿದ್ದಳು. ಬಂದ್ ಇನ್ನೂ ಮುಗಿದಿರಲಿಲ್ಲ. ಹಳದಿ ಫೋನು ಹೊಡೆದುಕೊಂಡಿತು.

ಸೈಮಾ ಕೈ ಒರೆಸಿಕೊಂಡು ರಿಸೀವರ್ ತೆಗೆದು ವರ್ನಾಳ ಕಿವಿಗಿಟ್ಟಳು.

"ಮೇಡಂ, ಹೋದ ಸಲ ಮಾತಾಡಿದ್ವಲ್ಲ, ಸಮೀಕ್ಷೆಗೆ. ಅದೇ ಪ್ರಶ್ನೆಗಳು, ನಿಮ್ಮ ಅಭಿಪ್ರಾಯ ಏನಾದ್ರೂ ಬದಲಾಗಿದ್ಯಾ ಅಂತ ನೋಡೋಕೆ." ಅದೇ ಮೂಗು ಕಟ್ಟಿದ ದನಿ. ಪಾಪ, ಅವನ ನೆಗಡಿಯೂ ಬಿಟ್ಟಿರಲಿಲ್ಲ. "ಬಂದ್‌ಗೆ ಯಾರನ್ನ ಹೆಚ್ಚು ದೂರ್ತೀರಿ?"

"ಆ ಕಡೆಯವ್ರನ್ನ," ಎಂದಳು ವರ್ನಾ. ಸೈಮಾ ನಿಟ್ಟುಸಿರು ಬಿಟ್ಟಳು. "ನಾನು ಸಾಯೋವರ್ಗೂ ಆ ಕಡೆಯವ್ರನ್ನೇ ದೂರ್ತೀನಿ, ಅದು ಬದಲಾಗಲ್ಲ. ಆದ್ರೆ ಇನ್ನೊಬ್ರಿದಾರೆ, ಅವ್ರ ಹೆಸರೂ ಬರ್ಕೊಳ್ಳಿ."

"ಯಾರು ಮೇಡಂ?"

"ವರ್ನಾ ಟ್ರೆವಾರೊ."

ಆಚೆ ಕಾಗದ ಸರಿದ ಸದ್ದು. "ಅದು... ನಿಮ್ಮ ಹೆಸರಲ್ವಾ?"

"ನಂದೇ. ರೇಡಿಯೋದಲ್ಲಿ ಬೊಗಳಿದ್ದು ನಾನೇ. ವಿಚಾರಿಸದೆ ಬೊಗಳಿದ್ದು."

"ಆ ಆಯ್ಕೆ ನನ್ನ ಹತ್ರ ಇಲ್ಲ ಮೇಡಂ. ಈ ಪಕ್ಷ, ಆ ಪಕ್ಷ, ಇಬ್ಬರೂ, ಗೊತ್ತಿಲ್ಲ. ಅಷ್ಟೇ ಇರೋದು."

"ಹಾಗಾದ್ರೆ ನಿಮ್ಮ ಸಮೀಕ್ಷೆ ಅರ್ಧಂಬರ್ಧ. ಮುಂದಿಂದು ಕೇಳಿ."

"ನಿಮ್ಮ ಮನೆಯಲ್ಲಾಗ್ಲಿ, ಗೊತ್ತಿರೋರಲ್ಲಾಗ್ಲಿ, ಯಾರಿಗಾದ್ರೂ ತೊಂದರೆ ಆಗಿದ್ಯಾ? ತುಂಬಾ, ಸ್ವಲ್ಪ, ಇಲ್ಲವೇ ಇಲ್ಲ?"

ವರ್ನಾ ಹಿಟ್ಟಿನಿಂದ ಕೈ ಎತ್ತಿದಳು. ಸೈಮಾಳ ಕಡೆ ಪೂರ್ತಿ ತಿರುಗಿದಳು.

"ಹೇಗಿದೀಯೇ?"

"ಆರಾಮ್," ಎಂದಿತು ಸೈಮಾಳ ಬಾಯಿ. ಅವಳಲ್ಲ, ಬರೀ ಬಾಯಿ. ಜೀವಮಾನದ ಚಾಳಿ ಅಷ್ಟು ಸುಲಭಕ್ಕೆ ಹೋಗುತ್ತದೆಯೇ?

ವರ್ನಾ ಕದಲಲಿಲ್ಲ. ಹಿಮದ ಮಾತೆತ್ತಲಿಲ್ಲ. ಆಚೆ ಆ ಮನುಷ್ಯ ಮೂಗು ಎಳೆದುಕೊಂಡು ಕಾಯುತ್ತಿದ್ದ.

"ಸೈಮಾ," ಎಂದಳು ವರ್ನಾ ಮೆಲ್ಲಗೆ. "ಹೇಗಿದೀಯ?"

ನಮ್ಮ ಓಣಿಯಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿದ್ದಿಲ್ಲ. ಸೈಮಾ ಕೋಪ ಬರಿಸಿಕೊಳ್ಳಲು ನೋಡಿದಳು, ಬರಲಿಲ್ಲ. ರಿಸೀವರ್ ಹಿಡಿದ ಕೈ ವರ್ನಾಳ ಕಿವಿಯಿಂದ ಮೆಲ್ಲಗೆ ಕೆಳಗಿಳಿಯಿತು.

"ಕಷ್ಟ ಕಣೇ," ಎಂದಳು. "ಬೆಳಗ್ಗೆ ಏಳೋಕೆ ಭಯ ಆಗುತ್ತೆ. ಆರ್ವಿಡ್ ನಿದ್ದೇಲಿ ಉಸಿರಾಡ್ತಿದಾನಾ ಅಂತ ಕಿವಿಯಿಟ್ಟು ಕೇಳ್ತೀನಿ. ಮಾತ್ರೆ ಅರ್ಧ ಮಾಡ್ತೀನಿ ಅಂತಾನೆ. ನಂಗೆ ಸಾಕಾಗಿದೆ ವರ್ನಾ. ಸಾಕಾಗಿ ಹೋಗಿದೆ."

ವರ್ನಾ ಹಿಟ್ಟಿನ ಕೈಯಲ್ಲೇ ಅವಳ ಭುಜ ಹಿಡಿದಳು. ಸಮವಸ್ತ್ರದ ನೀಲಿ ಅಂಗಿಯ ಮೇಲೆ ಐದೂ ಬೆರಳು ಬೆಳ್ಳಗೆ ಮೂಡಿದವು. ಇಬ್ಬರೂ 'ಅಯ್ಯೋ ಅಂಗಿ' ಎನ್ನಲಿಲ್ಲ.

ರಿಸೀವರಿನಿಂದ ಸಣ್ಣ ದನಿ ಬಂತು. "ಹಲೋ? ಮೇಡಂ? ಕೇಳಿಸ್ತು ನನಗೆ." ಮತ್ತೆ, ತಪ್ಪು ಮಾಡಿದವನ ಹಾಗೆ ಕೇಳಿದ. "ಅದನ್ನ 'ಸ್ವಲ್ಪ' ಅಂತ ಹಾಕ್ಲಾ, 'ತುಂಬಾ' ಅಂತ ಹಾಕ್ಲಾ?"

ಸೈಮಾ ರಿಸೀವರನ್ನು ತನ್ನ ಬಾಯಿಯ ಹತ್ತಿರ ತಂದಳು.

"ತುಂಬಾ ಅಂತ ಹಾಕಿ," ಎಂದಳು.